ಕ್ಯಾಮೆರಾ ಕಣ್ಣಿಗೊಂದು ಕನ್ನಡಕ

ಜೂನ್ ತಿಂಗಳ ಮೊದಲ ಮಳೆ ಬಿದ್ದು ವಾರ ಕಳೆಯುವುದರೊಳಗೆ ಹೊನ್ನಾವರದ ಅಡಿಗೆಮನೆಗಳಲ್ಲಿ ಉಪ್ಪಿನ ಭರಣಿ ನೀರೊಡೆಯುತ್ತದೆ. ಯಾರೂ ಅದಕ್ಕೆ ನೀರು ಹಾಕಿರುವುದಿಲ್ಲ. ಮುಚ್ಚಳ ಬಿಗಿ ಮಾಡಲು ಮರೆತಿರುತ್ತಾರೆ, ಅಷ್ಟೆ. ಹಪ್ಪಳ ಮೆತ್ತಗಾಗುತ್ತದೆ. ಬೆಂಕಿಕಡ್ಡಿ ಗೀರಿದರೆ ತುದಿಯ ಮದ್ದು ಉದುರುತ್ತದೆ. ಮೂಲೆಯಲ್ಲಿಟ್ಟ ಚರ್ಮದ ಚಪ್ಪಲಿಯ ಮೇಲೆ ಬಿಳಿ ಬೂಷ್ಟು ಏಳುತ್ತದೆ. ಭಟ್ಕಳದಿಂದ ಕುಮಟೆಯವರೆಗೆ ಇದು ಯಾರಿಗೂ ಹೊಸ ಸಂಗತಿಯಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಬಾಗಿಲಲ್ಲೇ ಕಡಲಿರುವ ಊರುಗಳಿವು. ಆದರೆ ಅದೇ ಮನೆಯ ಕಪಾಟಿನಲ್ಲಿ ಸಾಲ ಮಾಡಿ ತಂದ ಕ್ಯಾಮೆರಾ ಒಂದು ಇದ್ದರೆ, ಉಪ್ಪಿನ ಭರಣಿ ಹೇಳುವ ಪಾಠವನ್ನು ಸ್ವಲ್ಪ ಗಮನವಿಟ್ಟೇ ಕೇಳಬೇಕಾಗುತ್ತದೆ.

ಕೈಯಲ್ಲಿ ಮೊಬೈಲ್ ಇರುವ ಈ ಕಾಲದಲ್ಲಿ ಬೇರೆ ಕ್ಯಾಮೆರಾ ಯಾರಿಗೆ ಬೇಕು ಎಂದು ಕೇಳಬಹುದು. ಮದುವೆ, ಉಪನಯನ, ಯಕ್ಷಗಾನ, ಶಾಲಾ ವಾರ್ಷಿಕೋತ್ಸವಗಳ ಚಿತ್ರ ತೆಗೆದು ಸಂಪಾದಿಸುವ ಹುಡುಗರಿಗೆ ಬೇಕು. ಹೀಗೊಂದು ಮನೆಯನ್ನು ಊಹಿಸಿಕೊಳ್ಳಿ. ಪದವಿ ಓದುತ್ತಲೇ ಫೋಟೋಗ್ರಫಿ ಕಲಿತ ಮಗ, ಸಂಘದಲ್ಲಿ ಸಾಲ ಎತ್ತಿದ ತಾಯಿ, ಜೊತೆಗೆ ಅಂಗಡಿಗೆ ಬಂದ ತಂದೆ. ಕ್ಯಾಮೆರಾ, ಮಸೂರ ಎಲ್ಲ ಆರಿಸಿ ಆದ ಮೇಲೆ ಅಂಗಡಿಯವನು ಬಳೆಯಂಥ ಒಂದು ವಸ್ತುವನ್ನು ಮೇಜಿನ ಮೇಲಿಡುತ್ತಾನೆ. "ಇಷ್ಟು ದುಡ್ಡು ಹಾಕಿ ಲೆನ್ಸ್ ತಗೊಂಡ್ರಿ ನಾಯ್ಕರೇ, ಇದೊಂದು ಯು.ವಿ. ಫಿಲ್ಟರ್ ಹಾಕ್ಸ್ಕೊಂಡು ಹೋಗಿ. ಆಮೇಲೆ ಚಿಂತೆಯೇ ಇಲ್ಲ." ತಂದೆ ಮಗನ ಮುಖ ನೋಡುತ್ತಾರೆ, ಮಗ ತಲೆಯಾಡಿಸುತ್ತಾನೆ, ಫಿಲ್ಟರ್ ಮಸೂರದ ಮೂತಿಗೆ ಏರುತ್ತದೆ.

ಮೇ ತಿಂಗಳ ಕೊನೆಯ ಮದುವೆ ಮುಗಿಯುತ್ತದೆ. ಮಳೆಗಾಲದಲ್ಲಿ ಕೆಲಸ ಕಡಿಮೆ. ಕ್ಯಾಮೆರಾ ಚೀಲ ಸೇರಿ ಕಪಾಟಿನಲ್ಲಿ ಕೂರುತ್ತದೆ. ದೀಪಾವಳಿ ಕಳೆದು ಮತ್ತೆ ಹೊರತೆಗೆದಾಗ ಚಿತ್ರಗಳೆಲ್ಲ ಮಂಕು. ಮಸೂರವನ್ನು ಬೆಳಕಿಗೆ ಹಿಡಿದರೆ ಒಳಗೆ ಜೇಡರ ಬಲೆಯಂಥ ಬಿಳಿ ಎಳೆಗಳು. ಮುಂದಿನ ಫಿಲ್ಟರ್ ಮಾತ್ರ ಅಂಗಡಿಯಿಂದ ತಂದ ದಿನದಷ್ಟೇ ಫಳಫಳ! "ಕಾವಲಿಗೆ ಗಾಜು ಹಾಕಿಸಿಯೂ ಒಳಗೆ ಬೂಷ್ಟು ಹೇಗೆ ಬಂತು?" ಎಂಬ ತಂದೆಯ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕಾದರೆ, ಈ ಗಾಜು ಯಾರ ವಿರುದ್ಧ ಕಾವಲು ಕಾಯುತ್ತದೆ, ಯಾರ ವಿರುದ್ಧ ಕಾಯುವುದಿಲ್ಲ ಎಂಬುದನ್ನು ಮೊದಲು ತಿಳಿಯಬೇಕು.

ಹೆಸರಿನಿಂದಲೇ ಶುರು ಮಾಡೋಣ. ಯು.ವಿ. ಎಂದರೆ ಅಲ್ಟ್ರಾವಯೊಲೆಟ್, ನೇರಳಾತೀತ. ಕಾಮನಬಿಲ್ಲಿನ ನೇರಳೆ ಅಂಚು ಮುಗಿದ ಮೇಲೂ ಸೂರ್ಯನ ಕಿರಣಗಳ ಪಟ್ಟಿ ಮುಗಿಯುವುದಿಲ್ಲ. ಸುಮಾರು 400 ನ್ಯಾನೊಮೀಟರಿಗಿಂತ ಕಡಿಮೆ ತರಂಗಾಂತರದ ಈ ಕಿರಣಗಳು ನಮ್ಮ ಕಣ್ಣಿಗೆ ಕಾಣಿಸುವುದಿಲ್ಲ. ಆದರೆ ಹಳೆಯ ಫಿಲ್ಮಿಗೆ ಕಾಣಿಸುತ್ತಿದ್ದವು. ಫಿಲ್ಮಿನ ಮೇಲೆ ಲೇಪಿಸುತ್ತಿದ್ದ ಬೆಳ್ಳಿಯ ಲವಣಗಳಿಗೆ ಹುಟ್ಟಿನಿಂದಲೇ ನೀಲಿ, ನೇರಳೆ ಮತ್ತು ನೇರಳಾತೀತದ ಮೇಲೆ ಒಲವು. ಹಸಿರು, ಕೆಂಪುಗಳನ್ನು ಅವು ಗುರುತಿಸುವಂತೆ ಮಾಡಲು ವಿಶೇಷ ಬಣ್ಣಗಳನ್ನು ಬೆರೆಸಬೇಕಾಗುತ್ತಿತ್ತು. ಬಣ್ಣದ ಫಿಲ್ಮಿನಲ್ಲಿ ಒಂದರ ಕೆಳಗೊಂದು ಮೂರು ಪದರಗಳು. ನೀಲಿಯನ್ನು ಗ್ರಹಿಸುವ ಪದರ ಎಲ್ಲಕ್ಕಿಂತ ಮೇಲೆ. ಒಳನುಗ್ಗಿದ ನೇರಳಾತೀತವೆಲ್ಲ ಆ ಮೇಲಿನ ಪದರಕ್ಕೇ ತಾಗಿ, ಕಣ್ಣು ಕಾಣದ ನೀಲಿಯೊಂದು ಚಿತ್ರದಲ್ಲಿ ಮೂಡುತ್ತಿತ್ತು.

ದೂರದ ಬೆಟ್ಟ ನುಣ್ಣಗೆ ಎನ್ನುತ್ತದೆ ಗಾದೆ. ಕುಮಟೆಯಲ್ಲೋ ಹೊನ್ನಾವರದಲ್ಲೋ ನಿಂತು ಪೂರ್ವಕ್ಕೆ ನೋಡಿದವರಿಗೆ ದೂರದ ಬೆಟ್ಟ ನುಣ್ಣಗಷ್ಟೇ ಅಲ್ಲ, ನೀಲಿಯಾಗಿಯೂ ಇರುತ್ತದೆ ಎಂಬುದು ಗೊತ್ತು. ಗಾಳಿಯ ಅಣುಗಳು ಬೆಳಕನ್ನು ಚದುರಿಸುವುದೇ ಇದಕ್ಕೆ ಕಾರಣ. ತರಂಗಾಂತರ ಕಡಿಮೆಯಾದಷ್ಟೂ ಚದುರುವಿಕೆ ಹೆಚ್ಚು. ಅದೂ ನಾಲ್ಕನೆಯ ಘಾತದಲ್ಲಿ. ತರಂಗಾಂತರ ಅರ್ಧವಾದರೆ ಚದುರುವಿಕೆ ಎರಡು ಪಟ್ಟಲ್ಲ, ಹದಿನಾರು ಪಟ್ಟು! 700 ನ್ಯಾನೊಮೀಟರಿನ ಕೆಂಪು ಬೆಳಕಿಗೆ ಹೋಲಿಸಿದರೆ 350ರ ನೇರಳಾತೀತ ಅಷ್ಟು ಹೆಚ್ಚು ಚದುರುತ್ತದೆ. ಈ ಲೆಕ್ಕವನ್ನು 1871ರಲ್ಲಿ ಕೊಟ್ಟವನು ಇಂಗ್ಲೆಂಡಿನ ಲಾರ್ಡ್ ರೇಲೀ. ಅವನ ಹೆಸರನ್ನು ನೆನಪಿಡಿ, ಇದೇ ಲೇಖನದಲ್ಲಿ ಅವನು ಇನ್ನೊಮ್ಮೆ ಬರುತ್ತಾನೆ. (ಕಡಲಿನ ನೀಲಿ ಬರಿಯ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೂ ಬೆಳಕನ್ನು ಚದುರಿಸುತ್ತವೆ ಎಂದು 1921ರ ಹಡಗು ಪ್ರಯಾಣದ ಬಳಿಕ ತೋರಿಸಿದವರು ಸರ್ ಸಿ.ವಿ. ರಾಮನ್. ಮುಂದೆ 1928ರ ತಮ್ಮ ದೊಡ್ಡ ಶೋಧದಲ್ಲಿ ಅವರು ನೆಚ್ಚಿಕೊಂಡದ್ದು ಬಿಸಿಲು ಮತ್ತು ಬಣ್ಣದ ಶೋಧಕಗಳನ್ನು. ಆದ್ದರಿಂದ ಫಿಲ್ಟರ್ ಎಂಬ ಗಾಜಿನ ಬಿಲ್ಲೆಯನ್ನು ಹಗುರವಾಗಿ ಕಾಣುವಂತಿಲ್ಲ!)

ಫಿಲ್ಮ್ ಕಾಲದಲ್ಲಿ ಬೆಟ್ಟದ ನೆತ್ತಿಯಲ್ಲಿ ಚಿತ್ರ ತೆಗೆಯುವವರಿಗೆ ಯು.ವಿ. ಫಿಲ್ಟರ್ ನಿಜಕ್ಕೂ ಕೆಲಸದ ವಸ್ತುವಾಗಿತ್ತು. ಮೇಲೇರಿದಂತೆ, ಪ್ರತಿ ಸಾವಿರ ಮೀಟರಿಗೆ ಹತ್ತು ಶೇಕಡಾದಷ್ಟು ನೇರಳಾತೀತ ಏರುತ್ತದೆ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲ್ಮನ್ನೋ, ಆಗ್ಫಾ ಕ್ಲಿಕ್ 3 ಡಬ್ಬಿ ಕ್ಯಾಮೆರಾವನ್ನೋ ಕಂಡ ಹಿರಿಯರು ಈಗಲೂ ಮನೆಗಳಲ್ಲಿದ್ದಾರೆ; ಆ ದಿನಗಳ ಕಥೆಯನ್ನು ಅವರಿಂದಲೇ ಕೇಳಬಹುದು. ಆ ಕಾರ್ಖಾನೆಯೂ ಇಂದಿಲ್ಲ, ಆ ಫಿಲ್ಮೂ ಇಲ್ಲ.

ಕರಾವಳಿಯ ಮಟ್ಟಿಗೆ ಇಲ್ಲೊಂದು ತೊಡಕಿದೆ. ಮಾರ್ಚ್-ಏಪ್ರಿಲ್‌ನಲ್ಲಿ ಕಡಲ ಮೇಲೆ ಕವಿಯುವ ಮಬ್ಬು ನೀಲಿಯಲ್ಲ, ಬಿಳಿ. ಅದು ಅಣುಗಳ ಕೆಲಸವಲ್ಲ. ಗಾಳಿಯಲ್ಲಿ ತೇಲುವ ಉಪ್ಪಿನ ಕಣ, ಅದರ ಸುತ್ತ ಕೂಡಿದ ನೀರಿನ ಹನಿಗಳ ಕೆಲಸ. ಬೆಳಕಿನ ತರಂಗಾಂತರದಷ್ಟೋ ಅದಕ್ಕಿಂತ ದೊಡ್ಡದೋ ಆದ ಈ ಕಣಗಳು ಕೆಂಪು, ಹಸಿರು, ನೀಲಿ ಎನ್ನುವ ಭೇದವಿಲ್ಲದೆ ಎಲ್ಲವನ್ನೂ ಚದುರಿಸುತ್ತವೆ. ಎಲ್ಲ ಬಣ್ಣ ಕೂಡಿದರೆ ಬಿಳಿಯೇ ತಾನೆ? ಮುರ್ಡೇಶ್ವರದ ದಡದಲ್ಲಿ ನಿಂತು ನಡುಹಗಲಿನಲ್ಲಿ ನೇತ್ರಾಣಿ ದ್ವೀಪದ ಚಿತ್ರ ತೆಗೆಯಲು ಹೊರಟವನಿಗೆ ಈ ಬಿಳಿ ಮಬ್ಬಿನ ವಿರುದ್ಧ ಯಾವ ಯು.ವಿ. ಫಿಲ್ಟರೂ ನೆರವಾಗದು. ಬೆಳಗಿನ ಜಾವ ಬೇಗ ಏಳುವುದೇ ಅದಕ್ಕೆ ಮದ್ದು.

ಇನ್ನು ಡಿಜಿಟಲ್ ಕ್ಯಾಮೆರಾದ ಮಾತು. ಅದರ ಒಳಗೆ ಫಿಲ್ಮ್ ಇದ್ದ ಜಾಗದಲ್ಲಿ ಸಿಲಿಕಾನಿನ ಸಂವೇದಕವಿದೆ. ಅದರ ಮುಂದೆಯೇ ತಯಾರಕರು ಒಂದು ತೆಳು ಗಾಜನ್ನು ಅಂಟಿಸಿರುತ್ತಾರೆ. ನೇರಳಾತೀತವನ್ನೂ ಅವಕೆಂಪನ್ನೂ ತಡೆಯುವುದು ಅದರ ಕೆಲಸ. ಮಸೂರದ ಹಲವು ಗಾಜುಗಳೂ ಅವುಗಳನ್ನು ಸೇರಿಸುವ ಅಂಟೂ ನೇರಳಾತೀತದ ಬಹುಪಾಲನ್ನು ಮೊದಲೇ ಹೀರಿರುತ್ತವೆ. ಅಂದಮೇಲೆ ಹೊರಗಿನಿಂದ ಮತ್ತೊಂದು ಯು.ವಿ. ಫಿಲ್ಟರ್ ಹಾಕುವುದು, ಕೊಡೆ ಹಿಡಿದು ಚಾವಡಿಯೊಳಗೆ ಕೂತಂತೆ! ಹೆಸರು ಉಳಿದಿದೆ, ಕೆಲಸ ಹೋಗಿದೆ.

ಫಿಲ್ಟರ್ ನಿಜಕ್ಕೂ ನೇರಳಾತೀತವನ್ನು ತಡೆಯುತ್ತದೆಯೇ ಎಂದು ಪರೀಕ್ಷಿಸುವ ಆಸೆ ಇರುವ ವಿದ್ಯಾರ್ಥಿಗಳಿಗೆ ಒಂದು ಸುಲಭ ಪ್ರಯೋಗ. ಅಂಗಡಿಗಳಲ್ಲಿ ಖೋಟಾನೋಟು ಪತ್ತೆಗೆ ಇಡುವ ನೇರಳೆ ದೀಪವನ್ನು ನೋಡಿರುತ್ತೀರಿ. ಅದರಡಿ ನೋಟು ಹಿಡಿದರೆ ಸಂಖ್ಯೆ ಮುದ್ರಿಸಿದ ಭಾಗವೂ ಕಾಗದದೊಳಗಿನ ಸಣ್ಣ ಎಳೆಗಳೂ ಹೊಳೆಯುತ್ತವೆ. ಈಗ ದೀಪಕ್ಕೂ ನೋಟಿಗೂ ನಡುವೆ, ನೋಟಿಗೆ ಹತ್ತಿರವಾಗಿ ಫಿಲ್ಟರನ್ನು ಹಿಡಿಯಿರಿ. ಅದರಡಿಯ ಹೊಳಪು ಬಹುತೇಕ ಆರಿಹೋದರೆ ಫಿಲ್ಟರ್ ಹೆಸರಿಗೆ ತಕ್ಕಂತಿದೆ. ಹೊಳಪು ಹಾಗೆಯೇ ಇದ್ದರೆ ಅದು ಬರಿಯ ಗಾಜು. ಕಿಟಕಿಯ ಗಾಜಿನ ಚೂರಿನಿಂದಲೂ ಹೀಗೇ ಮಾಡಿ ಹೋಲಿಸಬಹುದು. ಅಂಚಿನಿಂದ ಬೆರಳು ಜೋಪಾನ. ದೀಪವನ್ನು ಮಾತ್ರ ನೇರವಾಗಿ ನೋಡಬಾರದು.

ಹಾಗಾದರೆ ಅಂಗಡಿಯವನು ಮೋಸ ಮಾಡಿದನೇ? ಪೂರ್ತಿ ಹಾಗೆನ್ನುವಂತಿಲ್ಲ. ಈ ಗಾಜಿನ ಈಗಿನ ಉದ್ಯೋಗ ಬೇರೆ. ಹೊನ್ನಾವರದ ಕಾಸರಕೋಡು ಕಡಲತಡಿಯಲ್ಲಿ ಒಂದು ಗಂಟೆ ನಿಂತು ಮನೆಗೆ ಬಂದು ಕನ್ನಡಕ ತೆಗೆದು ನೋಡಿ. ಅದರ ಮೇಲೆ ಮಬ್ಬು ಪೊರೆ ಕೂತಿರುತ್ತದೆ. ನಾಲಿಗೆಗೆ ಮುಟ್ಟಿಸಿದರೆ ಉಪ್ಪು! ಅಲೆ ಒಡೆದಾಗ ನೊರೆಯಲ್ಲಿ ಲಕ್ಷಾಂತರ ಗುಳ್ಳೆಗಳು ಏಳುತ್ತವೆ. ಒಂದೊಂದು ಗುಳ್ಳೆ ಒಡೆಯುವಾಗಲೂ ಅತಿ ಸಣ್ಣ ಹನಿಗಳು ಮೇಲಕ್ಕೆ ಚಿಮ್ಮುತ್ತವೆ. ಗಾಳಿ ಅವನ್ನು ದಡಕ್ಕೆ ಹೊರುತ್ತದೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರದು. ನೀರು ಆರಿದರೂ ಉಪ್ಪು ಎಲ್ಲಿಗೆ ಹೋದೀತು? ಗೋಕರ್ಣದ ಬಳಿಯ ಸಾಣಿಕಟ್ಟಾದ ಆಗರಗಳಲ್ಲಿ ಬಿಸಿಲು ಮಾಡುವ ಕೆಲಸವನ್ನೇ ಗಾಳಿ ನಿಮ್ಮ ಮಸೂರದ ಮೇಲೆ ಚಿಕ್ಕ ಪ್ರಮಾಣದಲ್ಲಿ ಮಾಡುತ್ತದೆ.

ಉಪ್ಪಿನ ಭರಣಿಯ ಗುಟ್ಟೂ ಇಲ್ಲಿಯೇ ಇದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 75 ದಾಟಿದರೆ ಅಡಿಗೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗಿ ದ್ರಾವಣವಾಗುತ್ತದೆ. ಕಡಲ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗಂತೂ ಅದರ ಅರ್ಧಕ್ಕಿಂತ ಕಡಿಮೆ ಆರ್ದ್ರತೆ ಸಾಕು. ಕರಾವಳಿಯ ಮಳೆಗಾಲದಲ್ಲಿ ಆರ್ದ್ರತೆ 75ಕ್ಕಿಂತ ಕೆಳಗಿಳಿಯುವುದೇ ಅಪರೂಪ. ಹೀಗಾಗಿ ಮಸೂರದ ಮೇಲೆ ಕೂತ ಉಪ್ಪು ಒಣ ಪುಡಿಯಾಗಿ ಉದುರುವುದಿಲ್ಲ. ಜಿಗುಟಾದ ಪೊರೆಯಾಗಿ ಅಂಟಿಕೊಂಡು ಧೂಳನ್ನೂ ಮರಳನ್ನೂ ಹಿಡಿದಿಡುತ್ತದೆ.

ಅಪಾಯ ಶುರುವಾಗುವುದು ಅದನ್ನು ಒರೆಸುವಾಗ. ಅಂಗಿಯ ತುದಿಯಿಂದ ಉಜ್ಜುವುದು ಎಲ್ಲರಿಗೂ ರೂಢಿ. ಉಪ್ಪು ಮೆದು, ಗಟ್ಟಿತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಅದರ ಅಂಕ ಎರಡು-ಎರಡೂವರೆ. ಗಾಜಿನದು ಐದೂವರೆಯ ಆಸುಪಾಸು. ಉಪ್ಪು ಗಾಜನ್ನು ಗೀರಲಾರದು. ಆದರೆ ಕಡಲ ಮರಳಿನ ಬೆಣಚುಕಲ್ಲಿನ ಕಣಕ್ಕೆ ಏಳು ಅಂಕ. ಬಟ್ಟೆಯಡಿ ಸಿಕ್ಕ ಅಂಥ ಒಂದೇ ಕಣ ಸಾಕು, ಮಸೂರದ ಲೇಪನಕ್ಕೆ ಶಾಶ್ವತ ಗೀರು ಬೀಳುತ್ತದೆ. ಫಿಲ್ಟರಿನ ದೊಡ್ಡ ಅನುಕೂಲ ಇಲ್ಲಿದೆ. ಅದನ್ನು ತಿರುಪಿ ಬಿಚ್ಚಿ, ನಲ್ಲಿಯ ಸಿಹಿನೀರಿನಡಿ ಹಿಡಿದು ಉಪ್ಪು-ಮರಳನ್ನೆಲ್ಲ ತೊಳೆದು, ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಆರಿಸಬಹುದು. ಮಸೂರವನ್ನು ಹಾಗೆ ನಲ್ಲಿಗೆ ಹಿಡಿಯಲಾದೀತೆ? ಗೀರು ಬಿದ್ದರೂ ಫಿಲ್ಟರನ್ನು ಬದಲಿಸಬಹುದು. ಮೀನುಗಾರಿಕೆಯ ಚಿತ್ರ ತೆಗೆಯಲು ದೋಣಿ ಏರುವವರಿಗೆ, ಗಾಳಿಯ ದಿನ ದಡದಲ್ಲಿ ನಿಲ್ಲುವವರಿಗೆ ಇದು ಬೇಕೇ ಬೇಕು. ತುಂತುರು, ಧೂಳು ತಡೆಯುವಂತೆ ಮಾಡಿದ ಕೆಲವು ಮಸೂರಗಳಿಗೆ, ಉದಾಹರಣೆಗೆ ಕ್ಯಾನನ್ನಿನ 17-40 ಮಿ.ಮೀ. ಮಸೂರಕ್ಕೆ, ಮುಂದೆ ಫಿಲ್ಟರ್ ಹಾಕಿದರೆ ಮಾತ್ರ ಆ ರಕ್ಷಣೆ ಪೂರ್ತಿಯಾಗುತ್ತದೆ ಎಂದು ತಯಾರಕರೇ ಹೇಳಿದ್ದಾರೆ.

ಒಂದು ಎಚ್ಚರಿಕೆ. ಉಪ್ಪು ಹಿಡಿದ ಲೋಹದ ಬಳೆ ತಿಂಗಳುಗಟ್ಟಲೆ ಅಲ್ಲೇ ಇದ್ದರೆ ಮಸೂರದ ತಿರುಪಿಗೆ ಕಚ್ಚಿಕೊಳ್ಳುತ್ತದೆ. ವಾರಕ್ಕೊಮ್ಮೆ ಬಿಚ್ಚಿ ಹಾಕುತ್ತಿರಬೇಕು. ಕಚ್ಚಿಕೊಂಡರೆ ಇಕ್ಕಳ ಹಾಕಬಾರದು. ಅಗಲದ ರಬ್ಬರ್ ಬ್ಯಾಂಡ್ ಸುತ್ತಿ ಅಂಗೈಯಿಂದ ಸಮನಾಗಿ ಒತ್ತಿ ತಿರುಗಿಸಿದರೆ ಸಾಮಾನ್ಯವಾಗಿ ಬಿಟ್ಟುಕೊಡುತ್ತದೆ. ಬೆರಳುಗಳಿಂದ ಬಿಗಿಯಾಗಿ ಹಿಂಡಿದಷ್ಟೂ ತೆಳು ಬಳೆ ಮೊಟ್ಟೆಯಾಕಾರಕ್ಕೆ ತಿರುಗಿ ಇನ್ನಷ್ಟು ಬಿಗಿಯುತ್ತದೆ.

ಕೆಳಗೆ ಬಿದ್ದಾಗ ಫಿಲ್ಟರ್ ಕಾಪಾಡುತ್ತದೆ ಎನ್ನುವ ಮಾತನ್ನು ಅಷ್ಟಾಗಿ ನಂಬಬೇಕಿಲ್ಲ. ಫಿಲ್ಟರಿನ ಗಾಜು ಬಲು ತೆಳು. ಮಸೂರದ ಮುಂಗಾಜು ದಪ್ಪ. ಫಿಲ್ಟರ್ ಚೂರಾಗಿ ಮಸೂರ ಉಳಿದಾಗ ಜನ "ಫಿಲ್ಟರ್ ಉಳಿಸಿತು" ಎನ್ನುತ್ತಾರೆ. ಫಿಲ್ಟರ್ ಇಲ್ಲದಿದ್ದರೂ ಮಸೂರ ಉಳಿಯುತ್ತಿತ್ತೋ ಏನೋ! ಪೆಟ್ಟು ತಡೆಯುವುದಕ್ಕೆ ಮಸೂರದ ಮುಂದೆ ಚಾಚಿಕೊಂಡಿರುವ ಪ್ಲಾಸ್ಟಿಕ್ ಹುಡ್ ಒಳ್ಳೆಯದು. ಮಸೂರದೊಡನೆಯೇ ಬಂದಿದ್ದರೂ ಹಲವರು ಅದನ್ನು ಡಬ್ಬಿಯಿಂದ ಹೊರಗೇ ತೆಗೆದಿರುವುದಿಲ್ಲ.

ಈ ಗಾಜಿನಿಂದ ನಷ್ಟವೇನೂ ಇಲ್ಲವೇ? ಇದೆ. ಇರುಳಿನಲ್ಲಿ ಆ ನಷ್ಟ ಎದ್ದು ಕಾಣುತ್ತದೆ. ಹೊನ್ನಾವರ ತಾಲ್ಲೂಕು ಯಕ್ಷಗಾನದ ತವರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ನೆಲ. ಹಿಂದೆ ರಂಗಸ್ಥಳದ ಬೆಳಕೆಂದರೆ ಗ್ಯಾಸ್‌ಲೈಟು, ಈಗ ವಿದ್ಯುತ್ ದೀಪಗಳು. ಬದಿಯ ಕಂಬದ ದೀಪ ಚೌಕಟ್ಟಿನೊಳಗೆ ಬರುವಂತೆ ವೇಷಧಾರಿಯ ಚಿತ್ರ ತೆಗೆದರೆ ಒಂದು ವಿಚಿತ್ರ ಕಾಣಿಸುತ್ತದೆ. ದೀಪ ಚಿತ್ರದ ಎಡ ಮೇಲ್ಮೂಲೆಯಲ್ಲಿದ್ದರೆ ಬಲ ಕೆಳಮೂಲೆಯಲ್ಲಿ ಇನ್ನೊಂದು ಮಸುಕು ದೀಪ! ಅಲ್ಲಿ ದೀಪವೇ ಇರಲಿಲ್ಲವಲ್ಲ? ಕೆಲವೊಮ್ಮೆ ಆ ಹುಸಿದೀಪ ನೇರವಾಗಿ ವೇಷಧಾರಿಯ ಮುಖದ ಮೇಲೆಯೇ ಕೂರುತ್ತದೆ. ಗಂಟೆಗಟ್ಟಲೆ ಚೌಕಿಯಲ್ಲಿ ಕುಳಿತು ಬರೆದುಕೊಂಡ ಬಣ್ಣ ಒಂದು ಹಸಿರು ಚುಕ್ಕೆಯಡಿ ಹಾಳು.

ಇದರ ಭೌತಶಾಸ್ತ್ರ ಹೈಸ್ಕೂಲು ಪಾಠದಷ್ಟೇ ಸರಳ. ಮಸೂರ ಸಂವೇದಕದ ಮೇಲೆ ದೀಪದ ಬಿಂಬವನ್ನು ಮೂಡಿಸುತ್ತದೆ. ಸಂವೇದಕದ ಮೇಲ್ಮೈ ಕನ್ನಡಿಯಂತೆ ನುಣುಪು. ಬಿದ್ದ ಬೆಳಕಿನ ಒಂದು ಪಾಲನ್ನು ಅದು ಹಿಂದಕ್ಕೆ ಕಳಿಸುತ್ತದೆ. ಆ ಬೆಳಕು ಮಸೂರದ ಮೂಲಕ ಹೊರಗೆ ಹೊರಟಾಗ ಎದುರಿಗೆ ಸಿಗುವುದು ಫಿಲ್ಟರಿನ ಸಮತಟ್ಟಾದ ಹಿಂಬದಿ. ಅಲ್ಲಿಂದ ಮತ್ತೆ ಪ್ರತಿಫಲಿಸಿ ಒಳಬಂದು, ಚೌಕಟ್ಟಿನ ನಡುಬಿಂದುವಿನ ಆಚೆ ಬದಿಯಲ್ಲಿ ಎರಡನೆಯ ಬಿಂಬವಾಗಿ ಕೂರುತ್ತದೆ. ಮಸೂರದೊಳಗಿನ ಬಾಗಿದ ಗಾಜುಗಳೂ ಪ್ರತಿಫಲಿಸುತ್ತವೆ, ಆದರೆ ಅವು ಸಾಮಾನ್ಯವಾಗಿ ಬೆಳಕನ್ನು ಹರಡಿಬಿಡುತ್ತವೆ. ಫಿಲ್ಟರ್ ಚಪ್ಪಟೆ ಗಾಜಾದ್ದರಿಂದ ಹುಸಿಬಿಂಬ ದೀಪದ ಆಕಾರದಲ್ಲೇ ಸ್ಪಷ್ಟವಾಗಿ ಮೂಡುತ್ತದೆ. ಮುರ್ಡೇಶ್ವರದ ದಡದಲ್ಲಿ ಮುಳುಗುವ ಸೂರ್ಯನನ್ನು ಹಿಡಿಯುವಾಗಲೂ, ದೀಪೋತ್ಸವದ ಚಿತ್ರದಲ್ಲೂ ಇದೇ ಕಥೆ.

ಎಷ್ಟು ಬೆಳಕು ಹೀಗೆ ದಾರಿ ತಪ್ಪುತ್ತದೆ? ಬರಿಯ ಗಾಜಿನ ಒಂದೊಂದು ಮುಖವೂ ಬಿದ್ದ ಬೆಳಕಿನ ಶೇಕಡಾ 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಫಿಲ್ಟರಿಗೆ ಎರಡು ಮುಖ. ನೂರರಲ್ಲಿ ಎಂಟು ಪಾಲು ಹೋಯಿತು. ಇದನ್ನು ಕಡಿಮೆ ಮಾಡುವ ಉಪಾಯ ಮನುಷ್ಯನಿಗೆ ಹೊಳೆದದ್ದು ಹಾಳಾದ ಗಾಜಿನಿಂದ ಎಂಬುದು ಸೋಜಿಗ. 1886ರಲ್ಲಿ ಅದೇ ಲಾರ್ಡ್ ರೇಲೀ, ಹಳತಾಗಿ ಕಿಲುಬು ಹಿಡಿದ ಗಾಜು ಹೊಸ ಗಾಜಿಗಿಂತ ಕಡಿಮೆ ಪ್ರತಿಫಲಿಸುವುದನ್ನು ಗಮನಿಸಿದ. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ಮಸೂರ ತಯಾರಕ ಡೆನಿಸ್ ಟೇಲರನೂ ಹಳೆಯ ಮಸೂರಗಳಲ್ಲಿ ಇದನ್ನೇ ಕಂಡ. ಮೇಲಿನ ತೆಳು ಪೊರೆ ಬೆಳಕಿಗೆ ಮೆಟ್ಟಿಲಿನಂತೆ ಆಗುತ್ತಿತ್ತು. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲ ಅಂಥ ಪೊರೆಯನ್ನು ನಿರ್ವಾತದಲ್ಲಿ ಬೇಕೆಂದೇ ಲೇಪಿಸುವ ವಿಧಾನ ರೂಪಿಸಿದ. ಬಹುಕಾಲ ಅದು ಮಿಲಿಟರಿ ಗುಟ್ಟಾಗಿತ್ತು.

ಮೆಗ್ನೀಸಿಯಂ ಫ್ಲೋರೈಡಿನ ಅಂಥ ಒಂದು ಲೇಪನದ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು. ಅದರ ಮೇಲುಮುಖದಿಂದ ಮರಳಿದ ಅಲೆಯೂ ಕೆಳಮುಖದಿಂದ ಮರಳಿದ ಅಲೆಯೂ ಒಂದನ್ನೊಂದು ಅಳಿಸಿಹಾಕುತ್ತವೆ. ತದಡಿ ಬಂದರಿನಲ್ಲಿ ನೀರಿನ ಮೇಲೆ ಡೀಸೆಲ್ ಹರಡಿ ಕಾಮನಬಿಲ್ಲಿನ ಬಣ್ಣ ತೋರುವುದೂ ಇದೇ ವ್ಯತಿಕರಣದಿಂದ. ಒಂದು ಲೇಪನವಿದ್ದರೆ ಮುಖವೊಂದರ ಪ್ರತಿಫಲನ ಶೇಕಡಾ ಒಂದೂವರೆಗೆ ಇಳಿಯುತ್ತದೆ. ಹಲವು ಪದರಗಳಿದ್ದರೆ ಅರ್ಧಕ್ಕಿಂತ ಕಡಿಮೆ. ಅಗ್ಗದ ಫಿಲ್ಟರಿಗೂ ಒಳ್ಳೆಯ ಫಿಲ್ಟರಿಗೂ ಇರುವ ಮುಖ್ಯ ವ್ಯತ್ಯಾಸ ಇದೇ, ಯು.ವಿ. ಎಂಬ ಅಕ್ಷರಗಳಲ್ಲ. ಅಂಗಡಿಯಲ್ಲೇ ಪರೀಕ್ಷಿಸಬಹುದು. ಟ್ಯೂಬ್‌ಲೈಟಿನ ಕೆಳಗೆ ಫಿಲ್ಟರನ್ನು ಓರೆಯಾಗಿ ಹಿಡಿದು ಅದರಲ್ಲಿ ದೀಪದ ಬಿಂಬ ನೋಡಿ. ಬಿಂಬ ಬೆಳ್ಳಗೆ, ಕಿಟಕಿ ಗಾಜಿನಲ್ಲಿ ಕಂಡಂತೆ ಇದ್ದರೆ ಲೇಪನವಿಲ್ಲ. ಮಂಕಾಗಿ ಹಸಿರೋ ನೇರಳೆಯೋ ಆಗಿ ಕಂಡರೆ ಲೇಪನವಿದೆ. ಇಷ್ಟಾದರೂ ರಾತ್ರಿಯ ಆಟಕ್ಕೆ ಹೋದಾಗ, ಸೂರ್ಯಾಸ್ತಕ್ಕೆ ಕ್ಯಾಮೆರಾ ಎತ್ತಿದಾಗ ಫಿಲ್ಟರ್ ಬಿಚ್ಚಿ ಜೇಬಿಗಿಡುವುದೇ ಜಾಣತನ. ಆಟದ ಬಯಲಿನಲ್ಲಿ ಅಲೆಯ ತುಂತುರೇನೂ ಹಾರಿ ಬರುವುದಿಲ್ಲವಲ್ಲ.

ಈಗ ತಂದೆಯ ಪ್ರಶ್ನೆಗೆ ಬರಬಹುದು. ಬೂಷ್ಟು ಹೇಗೆ ಬಂತು? ಅದು ಮುಂದಿನಿಂದ ಬರಲೇ ಇಲ್ಲ. ಶಿಲೀಂಧ್ರದ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇವೆ. ಜೂಮ್ ಮಸೂರ ಹಿಂದೆ ಮುಂದೆ ಸರಿಯುವಾಗ ಕಮ್ಮಾರನ ತಿದಿಯಂತೆ ಸಂದುಗಳಿಂದ ಗಾಳಿಯನ್ನು ಒಳಗೆಳೆಯುತ್ತದೆ. ಗಾಳಿಯೊಡನೆ ಬೀಜಕಣ, ಧೂಳು, ತೇವ ಮೂರೂ ಬರುತ್ತವೆ. ಆರ್ದ್ರತೆ ಶೇಕಡಾ 70 ದಾಟಿ ದಿನಗಟ್ಟಲೆ ನಿಂತರೆ, ಕತ್ತಲಿದ್ದು ಗಾಳಿಯಾಡದಿದ್ದರೆ ಬೀಜಕಣ ಮೊಳೆಯುತ್ತದೆ. ಧೂಳು, ಜಿಡ್ಡು, ಅಂಟು ಅದಕ್ಕೆ ಆಹಾರ. ಬೆಳೆಯುತ್ತ ಅದು ಆಮ್ಲಗಳನ್ನು ಸೂಸುತ್ತದೆ. ಮೊದಲಿಗೆ ಲೇಪನ, ಆಮೇಲೆ ಗಾಜೇ ಕೊರೆದುಹೋಗುತ್ತದೆ. ಆ ಹಂತ ತಲುಪಿದರೆ ಬಿಚ್ಚಿ ಒರೆಸಿದರೂ ಬಲೆಯ ಗುರುತು ಗಾಜಿನ ಮೇಲೆ ಉಳಿಯುತ್ತದೆ. ಮಳೆಯ ದಿನ ತೇವದ ಗಾಳಿಯಲ್ಲೇ ಫಿಲ್ಟರ್ ಬಿಗಿದರೆ ಅದಕ್ಕೂ ಮಸೂರಕ್ಕೂ ನಡುವೆ ತೇವ ಸೆರೆಯಾಗುವುದುಂಟು. ಕಾವಲುಗಾರ ಹೆಬ್ಬಾಗಿಲಲ್ಲಿ ನಿಂತಿದ್ದ; ಕಳ್ಳ ಹಿತ್ತಿಲಿನಿಂದ ಬಂದ.

ಆದ್ದರಿಂದ ಕರಾವಳಿಯ ಪಾಲಕರು ಹಣ ಹಾಕಬೇಕಾದ ಮೊದಲ ವಸ್ತು ಫಿಲ್ಟರ್ ಅಲ್ಲ, ಒಂದು ಬಿಗಿಮುಚ್ಚಳದ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳಕ್ಕೆ ರಬ್ಬರಿನ ಪಟ್ಟಿ ಇರಬೇಕು. ಅದರಲ್ಲಿ ಕಾಲು ಕಿಲೋದಷ್ಟು ಸಿಲಿಕಾ ಜೆಲ್ ಅನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿಡಿ, ಆರ್ದ್ರತೆ ತೋರಿಸುವ ಸಣ್ಣ ಮಾಪಕವೊಂದನ್ನು ಇಡಿ. ಮಾಪಕ 40ರಿಂದ 50ರ ನಡುವೆ ನಿಂತರೆ ಮಸೂರ ಸುಖವಾಗಿರುತ್ತದೆ. ತೀರ ಒಣಗಿಸುವುದೂ ರಬ್ಬರಿಗೆ, ಜಿಡ್ಡಿಗೆ ಹಿತವಲ್ಲ. ಹೆಚ್ಚು ಸಾಮಾನಿರುವ ಸ್ಟುಡಿಯೋದವರು ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಇಟ್ಟುಕೊಳ್ಳುತ್ತಾರೆ. ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋಗುವ ಹಳ್ಳಿಗಳಿಗೆ ಡಬ್ಬಿಯೇ ಮೇಲು. ಹಿಂದಿನವರು ಬೀಜ, ಕೊಬ್ಬರಿಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಕಾಪಾಡಿದ್ದು ಇದೇ ತತ್ತ್ವದಿಂದ. ಕ್ಯಾಮೆರಾಕ್ಕೆ ಹೊಗೆ ಮಾತ್ರ ಆಗದು!

ಚರ್ಮದ ಚೀಲದಲ್ಲಿ, ಸ್ಪಂಜಿನ ಚೀಲದಲ್ಲಿ ಮಳೆಗಾಲ ಕಳೆಯಲು ಬಿಡಬೇಡಿ. ಒಂದು ಬೂಷ್ಟಿಗೆ ಊಟ, ಇನ್ನೊಂದು ತೇವಕ್ಕೆ ಮನೆ. ಅಕ್ಕಿಯಲ್ಲಿ ಹೂತಿಡುವ ಉಪಾಯವನ್ನು ಯಾರೋ ಹೇಳಿಯಾರು. ಅಕ್ಕಿ ಹೀರುವ ತೇವ ಅಲ್ಪ, ಬಿಡುವ ಹಿಟ್ಟಿನ ಧೂಳು ಧಾರಾಳ. ನುಸಿಗುಳಿಗೆ ತೇವವನ್ನು ಹೀರುವುದೇ ಇಲ್ಲ. ಹಪ್ಪಳದಂತೆ ಬಿಸಿಲಿಗೆ ಇಡುವುದಂತೂ ಅಪಾಯ. ಮಸೂರ ಬಿಸಿಲನ್ನು ಒಂದೇ ಬಿಂದುವಿಗೆ ಕೂಡಿಸಿ ಕ್ಯಾಮೆರಾದ ಒಳಭಾಗವನ್ನೇ ಸುಡಬಲ್ಲದು.

ಎ.ಸಿ. ಕೋಣೆಯಿಂದ, ಎ.ಸಿ. ಕಾರಿನಿಂದ ಹೊರಗಿಳಿದ ಕೂಡಲೆ ಕ್ಯಾಮೆರಾ ತೆಗೆದರೆ ಗಾಜಿನ ಮೇಲೆ ಮಂಜು ಕೂರುತ್ತದೆ. ತಣ್ಣೀರಿನ ಚೊಂಬಿನ ಹೊರಗೆ ಹನಿಗಟ್ಟುವ ಹಾಗೆ. ಮೇಲೆ ಕೂತದ್ದನ್ನು ಒರೆಸಬಹುದು, ಒಳಗೆ ಕೂತದ್ದನ್ನು ಏನು ಮಾಡುವುದು? ಕ್ಯಾಮೆರಾ ಚೀಲದಲ್ಲೇ ಇರಲಿ, ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಅರ್ಧ ಗಂಟೆ ಕೊಡಿ. ಮದುವೆಯ ಮುಹೂರ್ತ ಕಾಯುವುದಿಲ್ಲವಾದ್ದರಿಂದ ಫೋಟೋಗ್ರಾಫರೇ ಅಷ್ಟು ಬೇಗ ಹೊರಬರಬೇಕು.

ಮೊಬೈಲಿನವರಿಗೂ ಒಂದು ಮಾತು. ಅದರ ಕ್ಯಾಮೆರಾದ ಮುಂದೆ ಕಾರ್ಖಾನೆಯಲ್ಲೇ ಕೂರಿಸಿದ ಗಟ್ಟಿ ಗಾಜು ಇದೆ. ಅದೇ ಅದರ ಫಿಲ್ಟರ್. ಅದರ ಮೇಲೆ ಮತ್ತೊಂದು ಗಾಜು ಅಂಟಿಸಿದರೆ ರಾತ್ರಿಯ ದೀಪಗಳಿಗೆ ಹುಸಿಬಿಂಬಗಳ ಮೆರವಣಿಗೆಯೇ ಹೊರಡುತ್ತದೆ. ಕಡಲಿನಿಂದ ಬಂದ ಮೇಲೆ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒತ್ತಿ ಉಪ್ಪು ತೆಗೆದರೆ ಸಾಕು.

ಸಿಲಿಕಾ ಜೆಲ್ ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ನೀರು ಕುಡಿದ ಮೇಲೆ ಸೋಲುತ್ತದೆ. ಬಣ್ಣ ಬದಲಿಸಿ ಅದೇ ಹೇಳುತ್ತದೆ: ನೀಲಿಯದು ಗುಲಾಬಿಯಾಗುತ್ತದೆ, ಕಿತ್ತಳೆಯದು ಸಾಮಾನ್ಯವಾಗಿ ಹಸಿರಿಗೆ ತಿರುಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಸ್ತು ಇರುವುದರಿಂದ ಮಕ್ಕಳಿರುವ ಮನೆಗೆ ಕಿತ್ತಳೆಯದನ್ನೇ ತನ್ನಿ. ಅಡಿಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ, ಬಣ್ಣ ಮರಳುವ ತನಕ ಕೈಯಾಡಿಸುತ್ತ ಬಿಸಿ ಮಾಡಿ, ಮುಚ್ಚಿಟ್ಟು ಆರಿಸಿ ಮತ್ತೆ ಗಂಟು ಕಟ್ಟಿದರೆ ಹೊಸದರಂತೆಯೇ ಕೆಲಸ ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆಯಾದರೂ ಡಬ್ಬಿ ತೆರೆದು ಬಣ್ಣ ನೋಡಬೇಕು. ಹಾಗೆ ತೆರೆದಾಗಲೇ ಮಸೂರದ ಎರಡೂ ತುದಿಯ ಮುಚ್ಚಳ ತೆಗೆದು, ಹಿಂಬದಿಯಿಂದ ಟಾರ್ಚ್ ಹಾಯಿಸಿ, ಮುಂಬದಿಯಿಂದ ಓರೆಯಾಗಿ ಇಣುಕಿ ನೋಡಿ. ಬಿಳಿ ಎಳೆಯೊಂದು ಕಂಡರೆ ಅದೇ ವಾರ ರಿಪೇರಿಯವರ ಬಳಿ ಒಯ್ಯಿರಿ. ಆ ಹಂತದಲ್ಲಿ ಅದನ್ನು ಒರೆಸಿ ತೆಗೆಯಲು ಇನ್ನೂ ಸಾಧ್ಯವಿರುತ್ತದೆ.